ನಾಮ ಉಪವಾಕ್ಯವೂ ಮೈಲಾರದ ಕಾರ್ಣಿಕವೂ

ಇಂಗ್ಲಿಷ್ ವ್ಯಾಕರಣವೆಂದರೆ ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ಹಿಂದಿನಿಂದಲೂ ಒಂದು ಬಗೆಯ ಅಳುಕು. ಕೂಡ್ಲಿಗಿಯವರಾಗಲಿ ಕೊಟ್ಟೂರಿನವರಾಗಲಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳವರಾಗಲಿ, ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: "ಕಥಿ ತಿಳಿತೈತಿ, ಗ್ರಾಮರ್ ತಿಳಿಯಂಗಿಲ್ಲ." ಅದರಲ್ಲಿಯೂ ನಾಮ ಉಪವಾಕ್ಯದ ಪಾಠ ಬಂತೆಂದರೆ, ಅದರ ಐದು ಕೆಲಸಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿ ಪರೀಕ್ಷೆಯ ಹೊಳೆ ದಾಟುವುದೇ ರೂಢಿ. ಆದರೆ ಆ ಐದೂ ನಮ್ಮ ನಾಲಗೆಯ ಮೇಲೆ ಮೊದಲಿನಿಂದಲೇ ಇವೆಯೆಂದು ನನಗೆ ತೋರುತ್ತದೆ.

ಹಡಗಲಿ ತಾಲ್ಲೂಕಿನ ಮೈಲಾರವನ್ನೇ ನೋಡಿರಿ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನವರು ಬಿಲ್ಲನ್ನೇರಿ ಕಾರ್ಣಿಕ ನುಡಿಯುತ್ತಾರೆ. ನುಡಿಯುವುದು ಒಂದೇ ಮಾತು. ಅದರಿಂದ ಹುಟ್ಟುವ ಉಪವಾಕ್ಯಗಳಿಗೆ ಲೆಕ್ಕವಿಲ್ಲ. "ಗೊರವಯ್ಯ ಏನು ನುಡಿದರೆಂಬುದು ಊರೂರಿಗೆ ಹಬ್ಬಿತು" ಎಂದಾಗ ಉಪವಾಕ್ಯ ಕರ್ತೃಸ್ಥಾನದಲ್ಲಿದೆ. "ಮಳೆ ಚೆನ್ನಾಗಿ ಆಗುವುದೆಂದು ರೈತರು ಎಣಿಸಿದರು" ಎಂದಾಗ ಅದು ಕರ್ಮ. "ವರ್ತಕರ ಚಿಂತೆಯೆಂದರೆ ಧಾರಣೆ ಎಲ್ಲಿ ಇಳಿಯುವುದೋ ಎಂಬುದು" ಎಂದಾಗ ಪೂರಕ. "ಸರ್ಕಾರ ಬದಲಾಗುವುದೆಂಬ ಸುದ್ದಿ" ಎಂದಾಗ, ಸುದ್ದಿ ಯಾವುದೆಂದು ಬಿಡಿಸಿ ಹೇಳುವ ಸಮಾನಾಧಿಕರಣ. "ಕಾರ್ಣಿಕದ ಅರ್ಥವೇನೆಂಬುದರ ಮೇಲೆ ಬಸ್ ನಿಲ್ದಾಣದಲ್ಲಿ ವಾದ ನಡೆಯಿತು" ಎಂಬಲ್ಲಿ ಐದನೆಯದೂ ಬಂತು. ಅದನ್ನು ಪ್ರಿಪೊಸಿಷನ್ನಿನ ಕರ್ಮವೆನ್ನುತ್ತಾರೆ. ಇಂಗ್ಲಿಷಿನ 'ಆನ್' ಉಪವಾಕ್ಯದ ಮುಂದೆ ನಿಂತರೆ, ನಮ್ಮ 'ಮೇಲೆ' ಅದರ ಬೆನ್ನ ಹಿಂದೆ ನಿಲ್ಲುತ್ತದೆ, ಭೇದ ಇಷ್ಟೆ.

ಇದಕ್ಕಿಂತ ಸೂಕ್ಷ್ಮವಾದ ಭೇದ ಬೇರೊಂದಿದೆ. ಇಂಗ್ಲಿಷಿನ 'ದಟ್' ಮೂಲದಲ್ಲಿ 'ಅದು' ಎಂದು ಬೆರಳು ಮಾಡುವ ಪದ. ನಮ್ಮ 'ಎಂದು' ಹುಟ್ಟಿದ್ದು 'ಎನ್' ಧಾತುವಿನಿಂದ, ಎನ್ನುವುದೆಂದರೆ ಹೇಳುವುದು. ಹೀಗಾಗಿ 'ಎಂದು' ಕಂಡಲ್ಲೆಲ್ಲ ಇದು ಯಾರೋ ಹೇಳಿದ ಅಥವಾ ಎಣಿಸಿದ ಮಾತು ಎಂಬ ವಾಸನೆ ಇರುತ್ತದೆ. "ಮಳೆ ಬಂತೆಂದು ಅವನು ತಿಳಿದಿದ್ದ" ಎಂದರೆ ಮಳೆ ಬಂದಿರಬಹುದು, ಬಾರದೆಯೂ ಇರಬಹುದು. "ಮಳೆ ಬಂದದ್ದು ಅವನಿಗೆ ತಿಳಿದಿತ್ತು" ಎಂದರೆ ನೆಲ ನೆನೆದದ್ದು ಖಂಡಿತ. ಇಂಗ್ಲಿಷಿನಲ್ಲಿ ಎರಡು ಕಡೆಯೂ ಒಂದೇ 'ದಟ್' ಸಾಕು. ನಂಬಿಕೆಯೋ ನಿಜವೋ ಎಂಬುದನ್ನು ಕ್ರಿಯಾಪದದಿಂದಲೋ ಸಂದರ್ಭದಿಂದಲೋ ತಿಳಿಯಬೇಕು.

ಕಾದಂಬರಿಕಾರರು ಆಟವಾಡುವುದು ಈ ಸಂದಿನಲ್ಲಿಯೇ. 1860–61ರಲ್ಲಿ ಪ್ರಕಟವಾದ ಡಿಕನ್ಸನ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಕಾದಂಬರಿಯಲ್ಲಿ, ತನಗೆ ಗುಪ್ತವಾಗಿ ಹಣ ಒದಗಿಸುತ್ತಿರುವವಳು ಮಿಸ್ ಹ್ಯಾವಿಷಮ್ ಎಂದು ಪಿಪ್ ನಂಬುತ್ತಾನೆ. ನಿಜವಾಗಿ ಹಣ ಕೊಟ್ಟವನು, ಅವನು ಬಾಲ್ಯದಲ್ಲಿ ಅನ್ನವಿಕ್ಕಿದ್ದ ಕೈದಿ ಮ್ಯಾಗ್‌ವಿಚ್. ಕಥೆಯ ಬಹುಭಾಗ ಕರ್ಮಸ್ಥಾನದ ಒಂದು ಉಪವಾಕ್ಯದ ಮೇಲೆ ನಿಂತಿದೆ. ಕನ್ನಡಿಸುವವನು ಅಲ್ಲಿ "ಹ್ಯಾವಿಷಮ್ ಹಣ ಕೊಟ್ಟದ್ದು ಪಿಪ್‌ಗೆ ತಿಳಿದಿತ್ತು" ಎಂದು ಬರೆದರೆ ಕಾದಂಬರಿ ಅಲ್ಲಿಗೇ ಕೆಟ್ಟಿತು! ಜೇನ್ ಆಸ್ಟೆನ್ 1813ರ 'ಪ್ರೈಡ್ ಅಂಡ್ ಪ್ರೆಜುಡಿಸ್'ನ ಮೊದಲ ವಾಕ್ಯದಲ್ಲಿಯೇ ವಿವಾಹದ ವಿಷಯವಾದ ಒಂದು 'ದಟ್' ಉಪವಾಕ್ಯವನ್ನು ಲೋಕಸತ್ಯದ ಠೀವಿಯಲ್ಲಿ ಇಡುತ್ತಾಳೆ. ಓದುತ್ತ ಹೋದಂತೆ, ಅದು ಲೋಕದ ಸತ್ಯವಲ್ಲ, ಹೆಣ್ಣುಮಕ್ಕಳ ಮದುವೆಗೆ ತವಕಿಸುವ ನೆರೆಹೊರೆಯವರ ಎಣಿಕೆ ಎಂಬುದು ಬಯಲಾಗುತ್ತದೆ.

ಇಂಥ ಲೋಕಸತ್ಯಗಳಿಗೆ ನಮ್ಮಲ್ಲಿಯೂ ಬರವಿಲ್ಲ. "ಹುಡುಗಿ ಇಷ್ಟು ಓದಿದರೆ ಸಾಕು" ಎಂಬ ಮಾತನ್ನು ನಮ್ಮ ಸಹಪಾಠಿನಿಯರಲ್ಲಿ ಎಷ್ಟು ಮಂದಿ ಕೇಳಿಲ್ಲ? ಹೇಳುವವರು ಅದನ್ನು ಸೂರ್ಯ ಹುಟ್ಟಿದ್ದರಷ್ಟೇ ಖಂಡಿತವೆಂಬಂತೆ ಹೇಳುತ್ತಾರೆ. ಕನ್ನಡ ವ್ಯಾಕರಣ ಮಾತ್ರ ಮೋಸ ಹೋಗುವುದಿಲ್ಲ. ಆ ಮಾತಿನ ಬಾಲಕ್ಕೆ 'ಎಂಬ' ಕಟ್ಟಿ, ಇದು ಯಾರೋ ಅಂದದ್ದು ಎಂದು ತೋರಿಸಿಬಿಡುತ್ತದೆ. ಅಂದವರು ಯಾರು, ಏಕೆ ಅಂದರು ಎಂದು ಕೇಳುವ ದಾರಿ ಅಲ್ಲಿಂದ ತೆರೆಯುತ್ತದೆ.

ಆದುದರಿಂದ, ಸಹಪಾಠಿಗಳೇ, ಇಂಗ್ಲಿಷ್ ಕಾದಂಬರಿಯಲ್ಲಿ 'ದಟ್' ಎದುರಾದಾಗ ಐದರಲ್ಲಿ ಯಾವುದೆಂದು ಗುರುತಿಸಿ ಅಂಕ ಪಡೆಯಿರಿ. ಜೊತೆಗೆ, ಇದು ಕನ್ನಡದ 'ಎಂದು' ಆದೀತೋ 'ಬಂದದ್ದು' ಎಂಬಲ್ಲಿನ 'ದ್ದು' ಆದೀತೋ ಎಂದೂ ಕೇಳಿಕೊಳ್ಳಿರಿ. ಹಳ್ಳಿಯಿಂದ ಬಂದವರಿಗೆ ಇಂಗ್ಲಿಷ್ ದಕ್ಕುವುದಿಲ್ಲವೆಂಬ ಮಾತನ್ನೂ ಇದೇ ಪರೀಕ್ಷೆಗೆ ಒಡ್ಡಬಹುದು.