ಅಡಿಕೆ ಅಂಗಳಕ್ಕೆ ಬರುವ ಮೊದಲು

ಅಕ್ಟೋಬರ್ 5, 2024, ಶನಿವಾರ

ಹಸ್ತ ಮಳೆ ಇನ್ನೂ ಪೂರ್ತಿ ಬಿಟ್ಟಿಲ್ಲ. ಬೆಳಿಗ್ಗೆ ಚುರುಕು ಬಿಸಿಲು, ಮಧ್ಯಾಹ್ನದ ಹೊತ್ತಿಗೆ ಗುಡುಗು, ಸಂಜೆಗೆ ಅಂಗಳವೆಲ್ಲ ರಾಡಿ. ನವರಾತ್ರಿ ಪೂಜೆಗೆ ಹೂವಿನ ಬರವೇನಿಲ್ಲ. ದಾಸವಾಳ, ಕರ್ಣಕುಂಡಲ, ಗೊಂಡೆ, ಜೀನಿಯಾ ಇವೆ. ಪಾರಿಜಾತ ಬೆಳಗಾಗುವುದರೊಳಗೆ ನೆಲಕ್ಕೆ ಉದುರಿರುತ್ತದೆ. ಡೇರೆ, ಅಂದರೆ ಡಾಲಿಯಾ, ಮಾತ್ರ ಇಳಿಮುಖ. ಶ್ರಾವಣದಲ್ಲಿ ತಟ್ಟೆಯಗಲ ಅರಳುತ್ತಿದ್ದ ಗಿಡಗಳೇ ಈಗ ಅಂಗೈಯಗಲಕ್ಕೆ ಬಂದಿವೆ. ಕೆಳಗಿನ ಎಲೆಗಳ ಮೇಲೆ ಬೂದಿರೋಗದ ಪುಡಿ ಕಾಣತೊಡಗಿದೆ.

ಮಳೆಗಾಲದ ಡೇರೆ ಎಲ್ಲರಿಗೂ ಬೇಕು. ಬಸ್ಸಿಗೆ ಹೋಗುವವರೂ ಬೇಲಿಯ ಹತ್ತಿರ ನಿಂತು ನೋಡಿ, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಈಗಿನ ಹೂವನ್ನು ನೋಡಲು ಬರುವವರು ಬೇರೆ. ಸ್ವತಃ ಗಿಡ ಮಾಡುವ ಹೆಂಗಸರು. ಗಿಡ ಒಣಗಿ ಗಡ್ಡೆ ಮೇಲೆ ಬಂದಾಗ ಎಲ್ಲದಕ್ಕೂ ಒಂದೇ ಬಣ್ಣ, ಮಣ್ಣಿನದು. ಯಾವುದು ಕುಂಕುಮ, ಯಾವುದು ಬಿಳಿ ಅಂಚಿನ ನೇರಳೆ ಎಂದು ಆಗ ಯಾರಪ್ಪನಿಗೂ ಹೇಳಲು ಬರುವುದಿಲ್ಲ. ಗುರುತು ಮಾಡುವುದಿದ್ದರೆ ಗಿಡದಲ್ಲಿ ಹೂವಿರುವಾಗಲೇ ಮಾಡಬೇಕು. ಹಳೆಯ ಸೀರೆಗಳನ್ನು ಹರಿದು, ಕೆಂಪು ಡೇರೆಗೆ ಕೆಂಪು ಚಿಂದಿ, ಹಳದಿಗೆ ಹಳದಿ ಎಂದು ಬುಡಕ್ಕೆ ಕಟ್ಟುತ್ತಾ ಬಂದೆ. ಜೇನುಬಣ್ಣಕ್ಕೆ ಹೊಂದುವ ಸೀರೆ ನನ್ನಲ್ಲಿಲ್ಲ. ಅದಕ್ಕೆ ಬಾಳೆನಾರು.

ಅಕ್ಟೋಬರ್ 13, ಭಾನುವಾರ

ಆಚೆಮನೆ ಅತ್ತಿಗೆ ಬಾಳೆಲೆಯಲ್ಲಿ ಒಂದೇ ಒಂದು ಹೂವು ಸುತ್ತಿಕೊಂಡು ಬಂದಿದ್ದರು. ಮೊಟ್ಟೆಯ ಹಳದಿಗಿಂತ ತುಸು ಕೆಂಪು, ಎಸಳಿನ ತುದಿ ಮಾತ್ರ ಬಿಳಿ. "ಬೇಕನೆ? ಗಡ್ಡೆ ಈಗ ಕೇಳಡ, ಕಣ್ಣಲ್ಲಿ ನೋಡ್ಕ್ಯ. ತೆಗೆದಾಗ ಕೊಡ್ತಿ" ಅಂದರು.

ನಮ್ಮಲ್ಲಿ ವ್ಯವಹಾರ ಕುದುರುವುದು ಹೀಗೆಯೇ. ಹೂವು ಮುಂಗಡ, ಗಡ್ಡೆ ಆಮೇಲೆ. ಅವರ ಕಣ್ಣು ನನ್ನ ಬಿಳಿ ಅಂಚಿನ ನೇರಳೆಯ ಮೇಲಿತ್ತು. ಬಾಯಿಬಿಟ್ಟು ಕೇಳಲಿಲ್ಲ, ಅದರ ಸುತ್ತ ಎರಡು ಸಲ ಓಡಾಡಿದರು. ನಾನೂ ಒಂದು ಹೂವು ಕೊಯ್ದು ಅದೇ ಬಾಳೆಲೆಯಲ್ಲಿಟ್ಟೆ. ಮಾತು ಮುಗಿಯಿತು.

ಅಂಗಡಿಯ ಡೇರೆಗೆ ಇಂಗ್ಲಿಷ್ ಹೆಸರಿರುತ್ತದೆ. ನಮ್ಮ ಡೇರೆಗಳಿಗಿರುವುದು ಮನೆಯ ಹೆಸರು. ತವರಿನ ನೇರಳೆ, ಸಾಗರದ ಅತ್ತೆಯ ಗುಲಾಬಿ, ಮೇಲಿನಮನೆ ಬಿಳಿ. ಅತ್ತಿಗೆ ತಂದದ್ದು ನಮ್ಮನೆಯಲ್ಲಿ ಇನ್ನು ಮುಂದೆ 'ಆಚೆಮನೆ ಹಳದಿ'. ಅವರಿಗೆ ಅದು ಎಲ್ಲಿಂದ ಬಂತೋ, ಅಲ್ಲಿ ಅದರ ಹೆಸರು ಬೇರೆಯೇ ಇದ್ದೀತು.

ಬೀಜ ಕೊಡಬಹುದಲ್ಲ ಎಂದು ಮಗ ಕೇಳಿದ. ಡೇರೆಯ ಮಟ್ಟಿಗೆ ಅದು ನಡೆಯುವುದಿಲ್ಲ. ಹೆಚ್ಚಿನ ಗಿಡಗಳಲ್ಲಿ ವರ್ಣತಂತುಗಳ ಕಟ್ಟು ಎರಡಿದ್ದರೆ ತೋಟದ ಡೇರೆಯಲ್ಲಿ ಎಂಟು, ಒಟ್ಟು 64 ವರ್ಣತಂತು. ಒಂದು ಹೂವಿನ ಬೀಜ ಬಿತ್ತಿದರೆ ಹತ್ತು ಥರದ ಮಕ್ಕಳು, ತಾಯಿಯ ಹಾಗಿರುವುದು ಒಂದೂ ಇರಲಿಕ್ಕಿಲ್ಲ. ಇದೇ ಬಣ್ಣ, ಇದೇ ಎಸಳು ಬೇಕೆಂದರೆ ಗಡ್ಡೆಯನ್ನೋ ಚಿಗುರಿನ ತುಂಡನ್ನೋ ಒಬ್ಬರ ಕೈಯಿಂದಲೇ ಪಡೆಯಬೇಕು. ಹಾಗಾಗಿ ನನ್ನ ಅಂಗಳದ ಪ್ರತಿಯೊಂದು ಡೇರೆಯ ಹಿಂದೆಯೂ ಯಾರೋ ಒಬ್ಬರು ಕೊಟ್ಟವರಿದ್ದಾರೆ.

ಅಕ್ಟೋಬರ್ 17, ಗುರುವಾರ

ಭೂಮಿ ಹುಣ್ಣಿಮೆ. ಹೊಳೆಯಾಚೆಯ ಗೆಳತಿ ನಿನ್ನೆ ಸಂಜೆಯೇ ಬಂದು ಗೊಂಡೆ ಹೂವು ಕೊಯ್ದುಕೊಂಡು ಹೋಗಿದ್ದಳು. ದೀವರ ಮನೆಗಳಲ್ಲಿ ಈ ಹಬ್ಬಕ್ಕೆ ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರೆ. ಭೂಮಣ್ಣಿ ಬುಟ್ಟಿ. ತೆನೆ ಹೊತ್ತ ಗದ್ದೆ ಎಂದರೆ ಬಸುರಿ, ಅವಳ ಬಯಕೆಗೆಂದು ಅಡುಗೆ ಮಾಡಿ, ಬುಟ್ಟಿಯಲ್ಲಿ ಹೊತ್ತೊಯ್ದು ಚರಗ ಚೆಲ್ಲುವುದು. ಗದ್ದೆಯಲ್ಲೇ ಪೂಜೆ, ಅಲ್ಲೇ ಊಟ. ನಮ್ಮ ಹಿತ್ತಿಲ ಗೊಂಡೆ ಈ ವರ್ಷ ಅವಳ ಗದ್ದೆಗೆ ಹೋಯಿತು.

ಗೆಳತಿಯೂ ಬರಿಗೈಲಿ ಬಂದಿರಲಿಲ್ಲ. ಸೆರಗಿನ ತುದಿಯಲ್ಲಿ ಕರ್ಣಕುಂಡಲದ ಬೀಜ, ತಿಳಿಗುಲಾಬಿ ಬಣ್ಣದ್ದು, ಮುದ್ದೆ ಎಸಳಿನದು. ಬಲಿತ ಕಾಯಿಗೆ ಬೆರಳು ತಾಗಿದರೆ ಸಾಕು, ಸಿಡಿದು ಬೀಜ ಚೆಲ್ಲಾಪಿಲ್ಲಿ. ಸಿಡಿಯುವ ಒಂದು ದಿನ ಮೊದಲು, ಕಾಯಿಯ ಹಸಿರು ಬಿಳುಚಿಕೊಂಡಾಗ ಕೊಯ್ದು ಬಟ್ಟೆಯಲ್ಲಿ ಕಟ್ಟಿಡಬೇಕಂತೆ. ಮುಂಗಾರಿನವರೆಗೆ ಬೂದಿ ಬೆರೆಸಿಡು ಎಂದಳು.

ಅಕ್ಟೋಬರ್ 25, ಶುಕ್ರವಾರ

ನಿನ್ನೆಯಿಂದ ಸ್ವಾತಿ ಮಳೆ ಎಂದು ಪಂಚಾಂಗ. ಇಲ್ಲಿ ಮೋಡವಷ್ಟೇ.

ಬಾಸ್ಟನ್ನಿನಲ್ಲಿರುವ ತಂಗಿಯ ಮಗಳು ರಾತ್ರಿ ಫೋನು ಮಾಡಿದ್ದಳು. ಅವಳಿಗೂ ಡೇರೆಯ ಹುಚ್ಚು. ಪಕ್ಕದ ಮನೆಯ ಮುದುಕಿ ಕೊಟ್ಟ ಗಡ್ಡೆಯಿಂದ ಶುರುವಾದದ್ದು ಈಗ ಹಿತ್ತಿಲು ತುಂಬಿದೆ. ಹಿಮ ಕಟ್ಟುವ ರಾತ್ರಿ ಬರಲಿದೆ ಎಂಬ ಸುದ್ದಿ ಕೇಳಿದ್ದೇ ಇದ್ದ ಹೂವನ್ನೆಲ್ಲ ಕತ್ತರಿಸಿ, ಬಕೆಟ್ಟಿನಲ್ಲಿಟ್ಟುಕೊಂಡು ಬೀದಿಯ ಮನೆಮನೆಗೂ ಹಂಚಿ ಬಂದಳಂತೆ. ಮರುದಿನ ಬೆಳಿಗ್ಗೆ ಗಿಡಗಳು ಸುಟ್ಟಂತೆ ಕಪ್ಪು. ಅಲ್ಲಿ ಋತು ಮುಗಿಯಲು ಒಂದೇ ರಾತ್ರಿ ಸಾಕು. ಇನ್ನು ಕಾಂಡ ಕತ್ತರಿಸಿ, ಗಡ್ಡೆ ಅಗೆದು, ಹೆಪ್ಪುಗಟ್ಟದಂಥ ನೆಲಮಾಳಿಗೆಯಲ್ಲಿ ವಸಂತದವರೆಗೆ ಇಡಬೇಕು.

ನಮ್ಮಲ್ಲಿ ಡೇರೆಯನ್ನು ಕೊಲ್ಲುವುದು ಚಳಿಯಲ್ಲ. ಮಳೆ ನಿಂತ ಮೇಲೆ ಒಣಹವೆಗೆ ಗಿಡ ತಾನಾಗಿ ಸೊರಗುತ್ತದೆ. ಅಷ್ಟರಲ್ಲಿ ಕೊಡಬೇಕಾದವರಿಗೆ ಕೊಡಲು ವಾರಗಟ್ಟಲೆ ಸಮಯ ಸಿಗುತ್ತದೆ. "ನಿಂಗಳದ್ದು ಪುಣ್ಯ ದೊಡ್ಡಮ್ಮಾ" ಅಂದಳು. ಹೆಗ್ಗಣದ ಕಾಟ ನಿನಗಿಲ್ಲವಲ್ಲ, ಅದೂ ಪುಣ್ಯವೇ ಅಂದೆ.

ನವೆಂಬರ್ 2, ಶನಿವಾರ

ದೊಡ್ಡಹಬ್ಬದ, ಅಂದರೆ ದೀಪಾವಳಿಯ, ಗೋಪೂಜೆ. ದನಗಳ ಮೈ ತೊಳೆದು, ಕೆಮ್ಮಣ್ಣಿನ ಮುದ್ರೆ ಒತ್ತಿ, ಅಡಿಕೆ, ಸಿಂಗಾರ, ಗೊಂಡೆ ಪೋಣಿಸಿದ ಸರ ಕಟ್ಟಿದೆವು. ಕರು ತನ್ನ ಸರವನ್ನು ಬಿಟ್ಟು ತಾಯಿಯ ಕೊರಳಿನದನ್ನು ತಿಂದು ಮುಗಿಸಿತು.

ಸಂಜೆ ಹೊಳೆದ ಮಾತು. ಇದೇ ದಿನಗಳಲ್ಲಿ, ನವೆಂಬರ್ 1 ಮತ್ತು 2ರಂದು, ಮೆಕ್ಸಿಕೊದವರು ತೀರಿಹೋದ ಹಿರಿಯರನ್ನು ನೆನೆಯುವ ಹಬ್ಬ ಮಾಡುತ್ತಾರೆ. ಸಮಾಧಿಯ ಮೇಲೂ ಮನೆಯ ಪೀಠದ ಮೇಲೂ ಅವರು ಸುರಿಯುವುದು ಇದೇ ಗೊಂಡೆ. ಅಷ್ಟೇ ಅಲ್ಲ, ನನ್ನ ಅಂಗಳದಲ್ಲಿ ಈಗ ಉಳಿದಿರುವ ಗೊಂಡೆ, ಡೇರೆ, ಜೀನಿಯಾ, ಕಾಸ್ಮೋಸ್ ಎಲ್ಲದರ ತವರೂ ಆ ಸೀಮೆಯೇ. ಡೇರೆಯಂತೂ 1963ರಿಂದ ಮೆಕ್ಸಿಕೊದ ರಾಷ್ಟ್ರೀಯ ಹೂವು. ಮೆಕ್ಸಿಕೊ ನಗರದ ಸಸ್ಯೋದ್ಯಾನದಿಂದ ವಿಸೆಂಟೆ ಸೆರ್ವಾಂಟೆಸ್ 1789ರಲ್ಲಿ ಅದರ ಬೀಜವನ್ನು ಸ್ಪೇನಿನ ಮ್ಯಾಡ್ರಿಡ್‌ಗೆ ಕಳಿಸಿದ. ಅಲ್ಲಿ ಪಾದ್ರಿ ಕವನಿಯೆಸ್ ಅದನ್ನು ಬೆಳೆಸಿ, 1791ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಆಂಡರ್ಸ್ ಡಾಲ್ ನೆನಪಿಗೆ ಡಾಲಿಯಾ ಎಂದು ಕರೆದ. ಅದೇ ವರ್ಷ ಕಾಸ್ಮೋಸ್‌ಗೆ ಹೆಸರಿಟ್ಟವನೂ ಅವನೇ. ಅಲ್ಲಿಯೂ ಕತೆ ಶುರುವಾಗುವುದು ಒಬ್ಬ ತೋಟದವನು ಇನ್ನೊಬ್ಬನಿಗೆ ಕಳಿಸಿದ ಬೀಜದ ಪೊಟ್ಟಣದಿಂದ.

ಈ ಹೂವುಗಳು ಮಲೆನಾಡಿಗೆ ಇಷ್ಟು ಸಲೀಸಾಗಿ ಒಗ್ಗಿದ್ದಕ್ಕೂ ಕಾರಣ ಕಾಣುತ್ತದೆ. ಮೆಕ್ಸಿಕೊದ ನಡುನಾಡಿನ ಎತ್ತರದ ನೆಲಕ್ಕೂ ಜೂನ್‌ನಿಂದಲೇ ಮಳೆ. ಮಳೆಯಲ್ಲಿ ಬೆಳೆದು, ಮಳೆಗಾಲದ ಕೊನೆಗೆ ಹೂವಾಗಿ, ಒಣಗಾಲವನ್ನು ನೆಲದಡಿ ಕಳೆಯುವ ಪಾಠವನ್ನು ಡೇರೆ ಕಲಿತದ್ದು ಅಲ್ಲಿ. ಇಲ್ಲಿಗೆ ಬಂದು ಹೊಸದಾಗಿ ಕಲಿಯುವುದು ಹೆಚ್ಚೇನೂ ಇರಲಿಲ್ಲ.

ನವೆಂಬರ್ 8, ಶುಕ್ರವಾರ

ಬೆಳಿಗ್ಗೆ ಇಬ್ಬನಿ. ಕುಂಕುಮ ಡೇರೆಯಲ್ಲಿ ಇವತ್ತು ಅರಳಿದ ಹೂವಿನ ನಡುವೆ ಹಳದಿ ಬೊಟ್ಟು ಕಾಣುತ್ತಿದೆ. ಮಳೆಗಾಲದಲ್ಲಿ ಎಸಳಿನ ಮೇಲೆ ಎಸಳು ತುಂಬಿ ನಡುವೆಲ್ಲ ಮುಚ್ಚಿಹೋಗಿತ್ತು. ಹಗಲು ಸಣ್ಣದಾದಂತೆ ಎಸಳು ಕಡಿಮೆಯಾಗಿ ಪರಾಗದ ನಡುಭಾಗ ತೆರೆದುಕೊಳ್ಳುತ್ತದೆ. ಜೂನ್ ಕೊನೆಗೆ ನಮ್ಮಲ್ಲಿ ಹಗಲು 13 ಗಂಟೆಗೆ ಹತ್ತಿರ, ಈಗ ಸುಮಾರು ಹನ್ನೊಂದೂವರೆ. ಇಷ್ಟೇ ವ್ಯತ್ಯಾಸಕ್ಕೆ ಗಿಡ ತನ್ನ ಲೆಕ್ಕವನ್ನೇ ಬದಲಿಸಿ, ನೆಲದಡಿ ಗಡ್ಡೆ ದಪ್ಪ ಮಾಡುವ ಕೆಲಸಕ್ಕೆ ತಿರುಗುತ್ತದೆ. ಪ್ರದರ್ಶನದಲ್ಲಿ ಇಂಥ ಹೂವಿಗೆ ಬಹುಮಾನವಿಲ್ಲ. ಆದರೆ ತುಂಬಿದ ಹೂವಿನ ಹತ್ತಿರ ಸುಳಿಯದ ತುಡುವೆ ಜೇನು ಇವತ್ತು ಮೂರು ಹೂವಿನಲ್ಲೂ ಕೂತಿತ್ತು.

ಸೇವಂತಿಗೆಯ ಲೆಕ್ಕ ಇನ್ನೂ ಕಟ್ಟುನಿಟ್ಟು. ಅದಕ್ಕೆ ದೀರ್ಘ ರಾತ್ರಿ ಬೇಕು. ಹಿತ್ತಿಲ ಕಡೆಯ ಕುಂಡಗಳಲ್ಲಿ ಮೊಗ್ಗು ತುಂಬಿದೆ. ಜಗಲಿಯ ದೀಪದ ಕೆಳಗಿನ ಕುಂಡದಲ್ಲಿ ಬರೀ ಸೊಪ್ಪು, ಆ ದೀಪ ಮಲಗುವವರೆಗೂ ಉರಿಯುತ್ತದೆ. ಬಯಲುಸೀಮೆಯ ಸೇವಂತಿಗೆ ಬೆಳೆಗಾರರು ಇದನ್ನೇ ಬಂಡವಾಳ ಮಾಡಿಕೊಂಡು, ಹೊಲಕ್ಕೆ ಸಾಲು ಬಲ್ಬು ಕಟ್ಟಿ ರಾತ್ರಿ ಉರಿಸಿ, ಹೂವನ್ನು ತಮಗೆ ಬೇಕಾದ ಹಬ್ಬದವರೆಗೆ ಮುಂದಕ್ಕೆ ಹಾಕುತ್ತಾರೆ. ಹಗಲು-ರಾತ್ರಿಯ ಉದ್ದವೇ ಗಿಡ ಹೂಬಿಡುವ ಕಾಲವನ್ನು ನಿರ್ಧರಿಸುತ್ತದೆ ಎಂದು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ತೋರಿಸಿದ್ದು 1920ರಲ್ಲಿ, ತಂಬಾಕು ಮತ್ತು ಸೋಯಾ ಗಿಡಗಳ ಮೇಲೆ ಪ್ರಯೋಗ ಮಾಡಿ. ಕುಂಡವನ್ನು ಬಚ್ಚಲ ಹಿಂದಕ್ಕೆ ಎತ್ತಿಟ್ಟೆ.

ನವೆಂಬರ್ 13, ಬುಧವಾರ

ತುಳಸಿ ಹಬ್ಬ. ಕಟ್ಟೆಯಲ್ಲಿ ತುಳಸಿಯ ಪಕ್ಕ ಕಾಯಿ ಸಮೇತ ನೆಲ್ಲಿಯ ಟೊಂಗೆ ನೆಟ್ಟು ಮದುವೆ ಮಾಡಿದೆವು. ಪೂಜೆಗೆ ಕರೆದವರೆಲ್ಲ ತಮ್ಮ ಮನೆಯಲ್ಲಿ ಉಳಿದ ಹೂವನ್ನೇ ತಂದಿದ್ದರು. ಹಣತೆಯ ಬೆಳಕಿನಲ್ಲಿ ತಟ್ಟೆ ನೋಡಿದರೆ ಸಾಕು, ಯಾರ ಮನೆಯಲ್ಲಿ ಏನಿದೆ, ಏನು ಹೋಯಿತು ಎಂದು ತಿಳಿಯುತ್ತದೆ.

ಮೇಲಿನಮನೆಯವರ ತಟ್ಟೆಯಲ್ಲಿ ಅವರ ಬಿಳಿ ಇರಲಿಲ್ಲ. ಜುಲೈ ಮಳೆಗೆ ಬುಡ ಕೊಳೆತು ಹೋಗಿದೆ. ಇಪ್ಪತ್ತು ವರ್ಷಕ್ಕೂ ಹಿಂದೆ ಅವರ ಅತ್ತೆ ನನಗೆ ಕೊಟ್ಟ ಬಿಳಿ ಮಾತ್ರ ನಮ್ಮ ಚಪ್ಪರದ ಅಂಚಿನಲ್ಲಿ ಇನ್ನೂ ಎರಡು ಹೂವು ಇಟ್ಟುಕೊಂಡು ನಿಂತಿತ್ತು. ಒಂದನ್ನು ಕೊಯ್ದು ಅವರ ತಟ್ಟೆಗಿಟ್ಟೆ. "ಇದು ನಮ್ಮನೇದಲ್ದಾ!" ಅಂದರು. ಹೌದು, ನಿಮ್ಮನೇದೇ, ಗಡ್ಡೆ ತೆಗೆದಾಗ ಬನ್ನಿ ಅಂದೆ.

ಡೇರೆಯ ಗಡ್ಡೆಯನ್ನು ಎಷ್ಟೇ ಜೋಪಾನ ಮಾಡಿದರೂ ಒಂದು ವರ್ಷ ಕೊಳೆ, ಒಂದು ವರ್ಷ ಮುಳ್ಳುಹಂದಿ. ಯಾರಿಗೂ ಕೊಡದೆ ತನ್ನಲ್ಲೇ ಇರಲಿ ಎಂದು ಇಟ್ಟುಕೊಂಡವರ ಬಣ್ಣ ಅವರೊಂದಿಗೇ ಹೋದದ್ದನ್ನು ನಮ್ಮೂರಿನಲ್ಲೇ ನೋಡಿದ್ದೇನೆ. ನಾಲ್ಕು ಮನೆಯಲ್ಲಿರುವ ಬಣ್ಣಕ್ಕೆ ಸಾವಿಲ್ಲ. ಕೊಡುವುದು ಔದಾರ್ಯವೆಂದು ಹೊಗಳುವವರಿಗೆ ಗಿಡ ಮಾಡಿ ಗೊತ್ತಿರಲಿಕ್ಕಿಲ್ಲ. ಅದು ಪಕ್ಕಾ ಸ್ವಾರ್ಥ.

ನವೆಂಬರ್ 24, ಭಾನುವಾರ

ನಾಳೆಯಿಂದ ಅಡಿಕೆಯ ಕೊನೆಕೊಯ್ಲು. ಕೊನೆಗೌಡ ಬರುತ್ತೇನೆಂದು ಹೇಳಿ ಕಳಿಸಿದ್ದಾನೆ. ಇನ್ನೆರಡು ತಿಂಗಳು ಅಂಗಳ ಅಡಿಕೆಯದ್ದು. ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಹೂಕುಂಡಗಳಿಗೆ ಅಲ್ಲಿ ಜಾಗವಿಲ್ಲ. ಇವರು ಬೆಳಿಗ್ಗೆಯಿಂದ ಅಂಗಳ ನೋಡುತ್ತಾ, ಕುಂಡ ನೋಡುತ್ತಾ ಓಡಾಡುತ್ತಿದ್ದರು. ಬಾಯಿಬಿಡುವ ಮೊದಲೇ ಎಲ್ಲವನ್ನೂ ಕೊಟ್ಟಿಗೆಯ ಗೋಡೆಗೆ ಸಾಗಿಸಿದೆ.

ಪೂರ್ತಿ ಒಣಗಿದ ಗಿಡಗಳನ್ನು ಗೇಣುದ್ದ ಕಾಂಡ ಉಳಿಸಿ ಕತ್ತರಿಸಿ, ಗಡ್ಡೆ ಎತ್ತಿದೆ. ಭಾಗ ಮಾಡುವಾಗ ದಪ್ಪ ನೋಡಿ ಮರುಳಾಗಬಾರದು. ಕಾಂಡದ ಬುಡದ ಚೂರು ಮತ್ತು ಅದರಲ್ಲೊಂದು ಕಣ್ಣು ಇಲ್ಲದ ಗಡ್ಡೆ ಎಷ್ಟು ದಪ್ಪವಿದ್ದರೂ ಚಿಗುರುವುದಿಲ್ಲ. ಕುತ್ತಿಗೆ ಮುರಿದದ್ದೂ ಅಷ್ಟೆ. ಕೊಯ್ದ ಗಾಯಕ್ಕೆ ಬೂದಿ ಸವರಿ ನೆರಳಲ್ಲಿ ಆರಲು ಹಾಕಿದ್ದೇನೆ. ಆಮೇಲೆ ಒಣಮರಳಿನಲ್ಲಿಟ್ಟರೆ ಏಪ್ರಿಲ್‌ವರೆಗೆ ಯೋಚನೆಯಿಲ್ಲ.

ಯಾರಿಗೆ ಏನು ಎಂದು ಇಲ್ಲಿ ಬರೆದಿಡುತ್ತೇನೆ, ನಮ್ಮಲ್ಲಿ ಹೋದರೆ ಯಾರ ಮನೆಯ ಬಾಗಿಲು ತಟ್ಟಬೇಕೆಂದು ಗೊತ್ತಿರಲಿ.

ಮೇಲಿನಮನೆಗೆ ಬಿಳಿ, ಎರಡು ಗಡ್ಡೆ.
ಆಚೆಮನೆ ಅತ್ತಿಗೆಗೆ ಬಿಳಿ ಅಂಚಿನ ನೇರಳೆ. ಅವರಿಂದ ಹಳದಿ ಬರಬೇಕು.
ಹೊಳೆಯಾಚೆಗೆ ಕುಂಕುಮ, ಜೊತೆಗೆ ಸೇವಂತಿಗೆಯ ಹಿಳ್ಳು, ಹೂವು ಮುಗಿದ ಮೇಲೆ.
ಸಾಗರದ ಅತ್ತೆಗೆ ಅವರದೇ ಗುಲಾಬಿ. ಅವರಲ್ಲಿ ಹೆಗ್ಗಣ ತಿಂದಿದೆಯಂತೆ.
ಜೇನುಬಣ್ಣದ್ದನ್ನು ಯಾರೂ ಕೇಳಿಲ್ಲ. ಹೊರಗಿನ ಕಟ್ಟೆಯ ಮೇಲಿಟ್ಟು ಒಳಗೆ ಹೋದರಾಯಿತು. ಕದ್ದ ಗಿಡ ಚೆನ್ನಾಗಿ ಬದುಕುತ್ತದೆ ಎನ್ನುತ್ತಾರಲ್ಲ.