ಓಕ್ ಮರಗಳ ನಡುವೆ ಒಂಬತ್ತು ಬುಟ್ಟಿ

ನಮ್ಮ ಸಂಘದ ಬಂಧುಗಳಲ್ಲಿ ಅಮೆರಿಕಕ್ಕೆ ಹೋಗಿ ಬಂದವರು ಈಗ ಮನೆಗೊಬ್ಬರಂತೆ ಇದ್ದಾರೆ. ನಯಾಗರ ಜಲಪಾತ, ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳು, ಅಲ್ಲಿಯ ದೇವಸ್ಥಾನಗಳು — ಇವುಗಳ ವರ್ಣನೆಯನ್ನು ಓದುಗರು ಬೇಕಾದಷ್ಟು ಕೇಳಿದ್ದಾರೆ. ನಾನು ಹೇಳಹೊರಟಿರುವುದು ಇವೊಂದೂ ಇಲ್ಲದ ಒಂದು ಚಿಕ್ಕ ಊರಿನ ಸಂಗತಿ. ಅದರಲ್ಲೂ ಆ ಊರಿನ ತೋಪಿನಲ್ಲಿ, ನನ್ನ ಅರುವತ್ತಾರನೆಯ ವಯಸ್ಸಿನಲ್ಲಿ, ನಾನು ಕಲಿತು ಬಂದ ಒಂದು ಆಟದ ಸಂಗತಿ. ಆಟದ ಹೆಸರು ಡಿಸ್ಕ್ ಗಾಲ್ಫ್.

ಗಾಲ್ಫ್ ಎಂದ ಕೂಡಲೇ ನಿಮ್ಮ ಕಣ್ಣಮುಂದೆ ಹಸಿರು ಹುಲ್ಲು, ದುಬಾರಿ ಕ್ಲಬ್ಬು, ಚೀಲ ಹೊರುವ ಹುಡುಗ ಬಂದು ನಿಂತಿರಬಹುದು. ಇಲ್ಲಿ ಅದಾವುದೂ ಇಲ್ಲ. ಚೆಂಡಿನ ಬದಲು ಒಂದು ಪ್ಲಾಸ್ಟಿಕ್ ತಟ್ಟೆ. ಸುಮಾರು ಒಂದು ಗೇಣು ಅಗಲ, ನೂರೆಪ್ಪತ್ತು ಗ್ರಾಂ ಆಸುಪಾಸಿನ ತೂಕ. ಗುಳಿಯ ಬದಲು ನೆಲದಲ್ಲಿ ನೆಟ್ಟ ಕಬ್ಬಿಣದ ಕಂಬ. ಕಂಬದ ತಲೆಯಿಂದ ಇಳಿಬಿಟ್ಟ ಸರಪಳಿಗಳು. ಅವುಗಳ ಕೆಳಗೊಂದು ಬುಟ್ಟಿ. ತಟ್ಟೆ ಸರಪಳಿಗೆ ತಾಗಿ ಝಲ್ಲೆಂದು ಬುಟ್ಟಿಗೆ ಬಿದ್ದರೆ ಅಲ್ಲಿಗೆ ಒಂದು ಮುಗಿಯಿತು. ಬೀಳದಿದ್ದರೆ ತಟ್ಟೆ ಎಲ್ಲಿ ಬಿತ್ತೋ ಅಲ್ಲಿಂದಲೇ ಮತ್ತೆ ಎಸೆಯಬೇಕು. ಎಸೆತ ಕಡಿಮೆಯಾದವನು ಗೆದ್ದ. ಲಗೋರಿ, ಚಿನ್ನಿದಾಂಡು ಆಡಿದವರಿಗೆ ಇದನ್ನು ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

ಫ್ರಿಸ್ಬಿ ಎಂಬ ಆಟದ ತಟ್ಟೆಯನ್ನು ನಮ್ಮ ಮಕ್ಕಳೂ ಜುಹೂ ಚೌಪಾಟಿಯಲ್ಲಿ ಎಸೆದಾಡಿದ್ದಾರೆ. ಅದನ್ನು 1957ರಿಂದ ಮಾರಿದ್ದು ವ್ಯಾಮ್-ಓ ಎಂಬ ಕ್ಯಾಲಿಫೋರ್ನಿಯದ ಕಂಪನಿ. ಆ ಕಂಪನಿಯಲ್ಲಿದ್ದ ಎಡ್ ಹೆಡ್ರಿಕ್ ಎಂಬಾತ ಈ ತಟ್ಟೆಯ ಆಟಕ್ಕೊಂದು ಕಾಯಂ ಅಂಗಳ ಬೇಕೆಂದು 1975ರಲ್ಲಿ ಲಾ ಕನ್ಯಾಡ ಫ್ಲಿಂಟ್ರಿಜ್ ಎಂಬ ಊರಿನ ಓಕ್ ಮರಗಳ ಉದ್ಯಾನವೊಂದರಲ್ಲಿ ಮೊದಲನೆಯದನ್ನು ಮಾಡಿಸಿದ. ಆಗ ಗುರಿಯಾಗಿ ಇದ್ದದ್ದು ಬರೀ ಕಂಬ. ತಾಗಿತು, ತಾಗಲಿಲ್ಲ ಎಂಬ ಜಗಳ ತೀರಲೆಂದು ಸರಪಳಿಯ ಬುಟ್ಟಿ ಬಂತು. ಅದರ ಪೇಟೆಂಟು ಅವನಿಗೆ 1977ರಲ್ಲಿ ದೊರೆಯಿತು. 2002ರಲ್ಲಿ ಅವನು ತೀರಿಕೊಂಡಾಗ, ಅವನ ಇಚ್ಛೆಯಂತೆಯೇ, ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ತಟ್ಟೆಗಳನ್ನು ಮಾಡಿದರಂತೆ. ನಾವು ಬೂದಿಯನ್ನು ನದಿಗೆ ಬಿಡುತ್ತೇವೆ. ಆ ಪುಣ್ಯಾತ್ಮ ಗಾಳಿಗೆ ಬಿಡಿಸಿಕೊಂಡ!

ಇನ್ನು, ಡೊಂಬಿವಲಿಯ ನಾನು ಅಲ್ಲಿಗೆ ಹೋದದ್ದು ಹೇಗೆಂಬುದನ್ನು ಹೇಳಬೇಕು. ನನ್ನ ಒಬ್ಬಳೇ ಮಗಳು ಮುಂಬಯಿಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಹೆಚ್ಚಿನ ತರಬೇತಿಗೆ ಜೆ-1 ವೀಸಾದ ಮೇಲೆ ಅಮೆರಿಕಕ್ಕೆ ಹೋದವಳು. ಈ ವೀಸಾದವರು ತರಬೇತಿ ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ಮರಳಿ ಇರಬೇಕೆಂಬುದು ಅಲ್ಲಿಯ ಕಾಯಿದೆ. ಅದಕ್ಕೊಂದು ವಿನಾಯಿತಿಯೂ ಇದೆ: ವೈದ್ಯರ ಅಭಾವವಿರುವ ಕಡೆ ಮೂರು ವರ್ಷ ದುಡಿಯಲು ಒಪ್ಪಿದರೆ ಅಲ್ಲಿಯೇ ಉಳಿಯಬಹುದು. ಒಂದೊಂದು ರಾಜ್ಯಕ್ಕೆ ವರ್ಷಕ್ಕೆ 30 ಮಂದಿಗೆ ಈ ಅವಕಾಶ. ಹಾಗೆ ನನ್ನ ಮಗಳಿಗೆ ಸಿಕ್ಕಿದ್ದು ಅಯೋವಾ ರಾಜ್ಯದ ಒಂದು ಹಳ್ಳಿಯಂಥ ಪೇಟೆ. ಸುತ್ತ ಎಲ್ಲಿ ನೋಡಿದರೂ ಜೋಳ ಮತ್ತು ಸೋಯಾ. ಜನ ನಾಲ್ಕು ಸಾವಿರ. ನಮ್ಮ ಡೊಂಬಿವಲಿಯ ಒಂದೆರಡು ಲೋಕಲ್ ಗಾಡಿಗಳಲ್ಲಿ ಹಿಡಿಸುವಷ್ಟು! ಅವರಲ್ಲಿ ಕನ್ನಡ ಬಲ್ಲವಳು ನನ್ನ ಮಗಳೊಬ್ಬಳೇ.

ಮೂರನೆಯ ವರ್ಷ ಮುಗಿಯಲು ಇನ್ನೊಂದು ವರ್ಷವಿರುವಾಗ ನಾನು ಹೋದೆ. ಬರೀ ಉಪ್ಪಿನಕಾಯಿ ಕೊಡಲು ಹೋದದ್ದಲ್ಲ; ನನಗೊಂದು ಉದ್ದೇಶವಿತ್ತು. ಅವಧಿ ತೀರಿದ ಕೂಡಲೇ ಷಿಕಾಗೋ ಕಡೆಗೆ ಹೋಗು, ಅಲ್ಲಿ ಕನ್ನಡ ಕೂಟವಿದೆ, ಯುಗಾದಿ ರಾಜ್ಯೋತ್ಸವಗಳಿವೆ, ನಮ್ಮವರ ಮನೆಗಳಿವೆ, ನಿನಗೊಂದು ಸಂಬಂಧ ಕೂಡಿಬಂದರೂ ಬರಬಹುದು ಎಂದು ಹೇಳಿ ಒಪ್ಪಿಸುವುದು. ಷಿಕಾಗೋ ಬಳಿಯ ಒಂದು ದೊಡ್ಡ ಆಸ್ಪತ್ರೆಯಿಂದ ಆಗಲೇ ಕರೆಯೂ ಬಂದಿತ್ತು. ಮುಂಬಯಿಯಲ್ಲಿ ಹುಟ್ಟಿ, ಸಂಘದ ಹಾಲಿನಲ್ಲಿ ಹಾಡು ಕಲಿತು, ಸಂಘದ ನಾಟಕದಲ್ಲೇ ಮದುವೆಗೆ ವರನನ್ನು ಕಂಡವಳು ನಾನು. ನಮ್ಮವರಿಲ್ಲದ ಊರಿನಲ್ಲಿ ಬಾಳುವೆ ಹೇಗೆಂಬುದು ನನ್ನ ಪ್ರಶ್ನೆ. ನಿಮ್ಮಲ್ಲಿ ಅನೇಕರ ಪ್ರಶ್ನೆಯೂ ಅದೇ ಇದ್ದೀತು.

"ಅದೆಲ್ಲ ಆಮೇಲೆ ಅಮ್ಮ. ಮೊದಲು ಸಾಕ್ಸ್ ಹಾಕಿಕೋ, ಪ್ಯಾಂಟನ್ನು ಅದರೊಳಗೆ ಸೇರಿಸು," ಎಂದಳು ಮಗಳು. ಹುಲ್ಲಿನಲ್ಲಿ ಉಣ್ಣೆಗಳಿರುತ್ತವಂತೆ. ಸೀರೆಯವಳನ್ನು ಪ್ಯಾಂಟಿಗಿಳಿಸಿ, ಕೈಗೊಂದು ಹಳದಿ ತಟ್ಟೆ ಕೊಟ್ಟು, ಊರ ಅಂಚಿನ ತೋಪಿಗೆ ಕರೆದೊಯ್ದಳು.

ಗೇಟಿಲ್ಲ, ಚೀಟಿಯಿಲ್ಲ, ಕಾವಲುಗಾರನಿಲ್ಲ. ತಗ್ಗಿನಲ್ಲೊಂದು ತೊರೆ, ಎರಡೂ ಬದಿಯಲ್ಲಿ ಓಕ್, ಹಿಕರಿ, ಕಪ್ಪು ವಾಲ್‌ನಟ್ ಮರಗಳು. ಅವುಗಳ ನಡುವೆ ಒಂಬತ್ತು ಬುಟ್ಟಿ. ದೊಡ್ಡ ಅಂಗಳಗಳಲ್ಲಿ ಹದಿನೆಂಟಿರುತ್ತವೆ, ಇದು ಪುಟ್ಟದು. ಅತ್ಯಂತ ಉದ್ದನೆಯದು ಮುನ್ನೂರು ಅಡಿಯೂ ಇಲ್ಲ. ಆದರೆ ಐದನೆಯ ಬುಟ್ಟಿಗೆ ಹೋಗುವ ದಾರಿ ಎರಡು ಮುದಿ ಓಕ್ ಮರಗಳ ನಡುವೆ. ಸಂದು ನಮ್ಮ ಮನೆಯ ಬಾಗಿಲಿನಷ್ಟೇ ಅಗಲ. ಮೊದಲ ದಿನ ಆ ಎರಡು ಮರಗಳಲ್ಲಿ ಯಾವುದನ್ನೂ ನಾನು ತಪ್ಪಿಸಲಿಲ್ಲ. ಒಂಬತ್ತಕ್ಕೆ ನನ್ನ ಎಸೆತ 61, ಮಗಳದು 31.

ಬಯಲಿನಲ್ಲಿ ಆಡುವವನಿಗೆ ತೋಳಿನ ಬಲ ನೆರವಾದೀತು. ತೋಪಿನಲ್ಲಿ ಬಲಶಾಲಿ ಎಸೆದದ್ದು ಮೊದಲ ಮರಕ್ಕೆ ಬಡಿದು ಅವನ ಕಾಲಬುಡಕ್ಕೇ ವಾಪಸು. ತಟ್ಟೆಗೆ ತಿರುಗು ಬೇಕು. ತಿರುಗು ಬರುವುದು ಮಣಿಕಟ್ಟಿನಿಂದ. ನಲವತ್ತು ವರ್ಷ ಕಾವಲಿಯ ಮೇಲೆ ದೋಸೆ ಹರಡಿದ ಕೈ ಕಡೆಗೂ ಕೆಲಸಕ್ಕೆ ಬಂತು. ಬಲಗೈಯವರು ಎಡಬದಿಯಿಂದ ಬೀಸಿ ಎಸೆದ ತಟ್ಟೆ ವೇಗ ತಗ್ಗಿದಂತೆ ಎಡಕ್ಕೆ ವಾಲುತ್ತದೆ. ಮರವನ್ನು ಬಳಸಿ ಹೋಗಬೇಕಾದರೆ ಆ ವಾಲುವಿಕೆಯನ್ನು ಮೊದಲೇ ಲೆಕ್ಕ ಹಾಕಬೇಕು. ಬುಟ್ಟಿಗೆ ಅತಿ ದೂರದಲ್ಲಿರುವವರು ಮೊದಲು ಎಸೆಯುವುದು ನಿಯಮ. ಹಾಗಾಗಿ ಹೊಸಬಳಾದ ನನ್ನದೇ ಯಾವಾಗಲೂ ಮೊದಲ ಸರದಿ. ಉಳಿದವರು ಮಾತು ನಿಲ್ಲಿಸಿ ಕಾಯುತ್ತಾರೆ. ತಟ್ಟೆ ಪೊದೆಗೆ ಹೋದರೆ ಎಲ್ಲರೂ ಸೇರಿ ಹುಡುಕುತ್ತಾರೆ. ಹುಡುಕುವಾಗ ಒಂದು ಎಚ್ಚರಿಕೆ: ಮೂರು ಮೂರು ಎಲೆಯ ಒಂದು ಬಳ್ಳಿಯಿದೆ, ಮುಟ್ಟಿದರೆ ಮೈಯೆಲ್ಲ ತುರಿಕೆ. ನಮ್ಮಲ್ಲಿ ಮೂರು ದಳ ಕಂಡರೆ ಕೈಮುಗಿಯುತ್ತೇವೆ. ಅಲ್ಲಿ ಕೈ ಹಿಂದಕ್ಕೆ ತೆಗೆಯಬೇಕು.

ಈ ತೋಪನ್ನು ನೋಡಿಕೊಳ್ಳುತ್ತಿದ್ದವರು ಶಾಲೆಯ ಬಸ್ಸು ಓಡಿಸಿ ನಿವೃತ್ತರಾದ ಒಬ್ಬ ಅಜ್ಜ. ಊರಾಡಳಿತ ಜಾಗ ಕೊಟ್ಟಿದೆ. ಬುಟ್ಟಿಗಳನ್ನು ಊರವರೇ ಚಂದಾ ಎತ್ತಿ ತಂದರು. ಹುಲ್ಲು ಕೊಯ್ಯುವುದು ಅಜ್ಜ, ತಮ್ಮದೇ ಯಂತ್ರದಿಂದ. ಸಂಬಳವಿಲ್ಲ. ಸಂಘದ ಕೆಲಸ ಮಾಡಿದವರಿಗೆ ಈ ಜಾತಿಯ ಮನುಷ್ಯರ ಗುರುತು ಥಟ್ಟನೆ ಸಿಗುತ್ತದೆ. ಅವರೇ ನನಗೊಂದು ಅಲಿಖಿತ ನಿಯಮ ತಿಳಿಸಿದರು: "ತೋಪಿನೊಳಗೆ ಡಾಕ್ಟರ ಹತ್ತಿರ ಯಾರೂ ಕಾಯಿಲೆಯ ಮಾತು ಎತ್ತಬಾರದು. ಇಲ್ಲದಿದ್ದರೆ ಅವರಿಗೆ ಬಿಡುವೆಲ್ಲಿ?" ಅದನ್ನು ಇಡೀ ಊರು ಪಾಲಿಸುತ್ತಿತ್ತು. ಅಂಗಡಿಯಲ್ಲಿ, ಅಂಚೆ ಕಚೇರಿಯಲ್ಲಿ ಅವಳನ್ನು ತಡೆದು ಮಂಡಿನೋವು ಹೇಳುವವರು ತೋಪಿಗೆ ಬಂದರೆ ಎಸೆತದ ಮಾತನ್ನಷ್ಟೇ ಆಡುತ್ತಿದ್ದರು.

ನನ್ನ ತಂದೆಯವರು 1952ರಲ್ಲಿ ಕುಂದಾಪುರದ ಕಡೆಯಿಂದ ಹನ್ನೆರಡರ ಹುಡುಗನಾಗಿ ಮುಂಬಯಿಗೆ ಬಂದು, ಕೋಟೆ ಭಾಗದ ಹೋಟೆಲೊಂದರಲ್ಲಿ ಲೋಟ ತೊಳೆದವರು. ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. "ಊರು ಯಾವಾಗ ನಮ್ಮದಾಯಿತು ಅಪ್ಪಯ್ಯ?" ಎಂದು ನಾನೊಮ್ಮೆ ಕೇಳಿದ್ದೆ. ರಾತ್ರಿಶಾಲೆಯ ಹೆಸರು ಹೇಳುತ್ತಾರೆಂದುಕೊಂಡಿದ್ದೆ. ಅವರು ಹೇಳಿದ್ದು ಬೇರೆ: "ಕ್ರಾಸ್ ಮೈದಾನಿನಲ್ಲಿ ನಿಂತು ನೋಡುತ್ತಿದ್ದೆ. ಯಾರೋ ಒಬ್ಬ 'ಏ, ಚೆಂಡು ಎಸೆ' ಅಂತ ಕೂಗಿದ. ಎಸೆದೆ. ಆವತ್ತು." ಆ ಯಾರೋ ಒಬ್ಬನಿಗೆ ಕನ್ನಡ ಬರುತ್ತಿರಲಿಲ್ಲ.

ಇದು ನೆನಪಾದರೂ ಷಿಕಾಗೋ ವಿಷಯ ನಾನು ಬಿಡಲಿಲ್ಲ. ದಿನವೂ ಮೂರನೆಯ ಬುಟ್ಟಿಯಿಂದ ನಾಲ್ಕನೆಯದಕ್ಕೆ ತೊರೆ ದಾಟುವಾಗ ಎತ್ತುತ್ತಿದ್ದೆ. ಮಗಳು ಹೂಂ ಎಂದು ಕೇಳುತ್ತಿದ್ದಳು. ಒಮ್ಮೆ ಮಾತ್ರ ಹೇಳಿದಳು: "ಈ ಊರ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡು ಮುಚ್ಚಿ ವರ್ಷಗಳಾದವು ಅಮ್ಮ. ಹೆರಿಗೆಗೆ ನಲವತ್ತು ಮೈಲಿ ಹೋಗಬೇಕು. ಇರುವ ಡಾಕ್ಟರುಗಳು ಇಬ್ಬರು, ಇನ್ನೊಬ್ಬರಿಗೆ ಅರುವತ್ತೆಂಟು."

ಆಗಸ್ಟಿನ ಒಂದು ಸಂಜೆ. ನಾವಿಬ್ಬರು, ಅಜ್ಜ, ಹೈಸ್ಕೂಲಿನ ಇಬ್ಬರು ಹುಡುಗರು ಒಟ್ಟಿಗೆ ಆಡುತ್ತಿದ್ದೆವು. ಆರನೆಯ ಬುಟ್ಟಿ ಒಂದು ಸಣ್ಣ ಏರಿನ ಮೇಲಿದೆ. ಅಜ್ಜ ಅರ್ಧದಲ್ಲಿ ನಿಂತು, ಬೂಟಿನ ದಾರ ಕಟ್ಟುವವರಂತೆ ಬಾಗಿದರು. ನನಗೆ ವಿಶೇಷವೇನೂ ಕಾಣಲಿಲ್ಲ. ನಾನಂತೂ ಆ ಏರಿನಲ್ಲಿ ಎರಡು ಸಲ ನಿಲ್ಲುವವಳು. ಮಗಳು ಎಸೆಯಲೆತ್ತಿದ ಕೈಯನ್ನು ಇಳಿಸಿದಳು. ಅವರ ಹತ್ತಿರ ಹೋಗಿ ಮಣಿಕಟ್ಟು ಹಿಡಿದು ಏನೋ ಕೇಳಿದಳು. ಅವರು ತಲೆಯಾಡಿಸಿ ನಗಲು ನೋಡಿದರು. ಹಣೆಯ ಮೇಲೆ ಬೆವರು. ತೋಪಿನ ನಿಯಮವನ್ನು ಅವಳೇ ಮುರಿದಳು. ಹುಡುಗರು ಅಜ್ಜನನ್ನು ಎತ್ತಿಕೊಂಡೇ ಕಾರಿಗೆ ತಂದರು. ದಾರಿಯಲ್ಲಿ ಆಸ್ಪಿರಿನ್ ಜಗಿಸಿದಳು. ಆರು ನಿಮಿಷದಲ್ಲಿ ಆಸ್ಪತ್ರೆ. ಅಲ್ಲಿಂದ ಹೆಲಿಕಾಪ್ಟರಿನಲ್ಲಿ ದೊಡ್ಡ ಊರಿಗೆ. ಹೃದಯದ ಒಂದು ರಕ್ತನಾಳ ಮುಚ್ಚಿಹೋಗಿತ್ತು. ರಾತ್ರಿಯೊಳಗೆ ಸ್ಟೆಂಟು ಹಾಕಿದರು, ಅಜ್ಜ ಬದುಕಿದರು.

"ಅಷ್ಟು ಬೇಗ ನಿನಗೆ ಹೇಗೆ ತಿಳಿಯಿತು?" ಎಂದು ಆ ರಾತ್ರಿ ಊಟಕ್ಕೆ ಕುಳಿತಾಗ ಕೇಳಿದೆ.

"ಎರಡು ವರ್ಷದಿಂದ ಅವರು ಆ ಏರು ಹತ್ತುವುದನ್ನು ನೋಡಿದ್ದೇನೆ ಅಮ್ಮ. ಯಾವತ್ತೂ ಮಾತು ನಿಲ್ಲಿಸಿದವರಲ್ಲ," ಎಂದಳು. ಮತ್ತೆ ಸಾರಿಗೆ ಅನ್ನ ಕಲಸತೊಡಗಿದಳು.

ನಾನು ಮತ್ತೆ ಷಿಕಾಗೋ ಮಾತು ಎತ್ತಲಿಲ್ಲ. ನನ್ನ ಚಿಂತೆ ಕರಗಿಹೋಯಿತೆಂದು ತಿಳಿಯಬೇಡಿ. ಮಗಳು ಜ್ವರ ಬಂದು ಮಲಗಿದರೆ ಗಂಜಿ ಮಾಡಿಕೊಡುವ ನಮ್ಮವರು ಆ ಊರಿನಲ್ಲಿ ಯಾರೂ ಇಲ್ಲ. ಮುಂದೆ ಹುಟ್ಟುವ ಮಕ್ಕಳು ಕನ್ನಡವನ್ನು ಯಾರ ಬಾಯಿಂದ ಕೇಳಬೇಕೆಂಬುದಕ್ಕೂ ಉತ್ತರ ಸಿಕ್ಕಿಲ್ಲ. ಸಂಘ ಕೊಡುವುದನ್ನು ತೋಪು ಕೊಡಲಾರದು. ಆದರೆ ಒಬ್ಬ ಮನುಷ್ಯ ಏರು ಹತ್ತುವ ರೀತಿ ಬದಲಾದದ್ದನ್ನು ಕಂಡುಹಿಡಿಯುವಷ್ಟು ಒಂದು ಊರನ್ನು ಬಲ್ಲವಳಿಗೆ, ಅದು ನಿನ್ನ ಊರಲ್ಲ, ಹೊರಡು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅಪ್ಪಯ್ಯನಿಗೆ ಹಾಗೆ ಹೇಳಿದ್ದರೆ ನಾವೆಲ್ಲ ಮುಂಬಯಿಯಲ್ಲಿ ಇರುತ್ತಿದ್ದೆವೇ?

ಸೆಪ್ಟೆಂಬರ್ ಹೊತ್ತಿಗೆ ನನ್ನ ಎಸೆತ 43ಕ್ಕೆ ಇಳಿಯಿತು. ಐದನೆಯ ಬುಟ್ಟಿಯ ಆ ಬಾಗಿಲಿನ ಸಂದಿನಲ್ಲಿ ಎರಡು ಸಲ ತಟ್ಟೆ ನೇರ ತೂರಿತು; ಎರಡನೆಯ ಸಲ ನೋಡಲು ಅಜ್ಜನೂ ಇದ್ದರು, ಬೆಂಚಿನ ಮೇಲೆ ಕಂಬಳಿ ಹೊದ್ದು. ಏಳನೆಯ ಬುಟ್ಟಿಯ ದಾರಿಯಲ್ಲಿದ್ದ ನಾಲ್ಕು ಆಷ್ ಮರಗಳಿಗೆ ಆಗ ಬಣ್ಣದ ಗುರುತು ಬಿದ್ದಿತ್ತು. ಏಷ್ಯಾದಿಂದ ಬಂದ ಒಂದು ಹಸಿರು ಜೀರುಂಡೆ ಆ ಜಾತಿಯ ಮರಗಳನ್ನು ಒಳಗಿಂದ ಕೊರೆದು ಕೊಲ್ಲುತ್ತಿದೆ. 2002ರಲ್ಲಿ ಮಿಷಿಗನ್‌ನಲ್ಲಿ ಮೊದಲು ಕಂಡದ್ದು, 2010ರಲ್ಲಿ ಅಯೋವಾಕ್ಕೂ ಬಂದಿತು. ಬಿದ್ದು ಅಪಾಯವಾಗದಿರಲೆಂದು ಊರವರೇ ಕಡಿಸಬೇಕು.

ನಾನು ಡೊಂಬಿವಲಿಗೆ ಮರಳಿದ ಮೇಲೆ ಡಿಸೆಂಬರಿನಲ್ಲಿ ಮಗಳು ಆ ಆಸ್ಪತ್ರೆಯಲ್ಲೇ, ಈಗಿನ ಅವಧಿ ತೀರಿದ ಮೇಲೆ ಇನ್ನೆರಡು ವರ್ಷಕ್ಕೆ, ಸಹಿ ಹಾಕಿದಳು. ಮೊದಲು ನನಗೆ ಹೇಳಿ, ಆಮೇಲೆ ಹಾಕಿದಳು. ಚಳಿಗಾಲದಲ್ಲಿ ಆಷ್ ಮರಗಳನ್ನು ಕಡಿದರು. "ಏಳನೆಯದು ಈಗ ತೀರ ಸುಲಭವಾಗಿಬಿಟ್ಟಿದೆ, ಚೆನ್ನಾಗಿಲ್ಲ," ಎಂದು ಫೋನಿನಲ್ಲಿ ಬೇಸರಪಟ್ಟಳು. ಹಿಮ ಕರಗಿದ ಮೇಲೆ ಅಲ್ಲಿ ಆರು ಓಕ್ ಸಸಿ ನೆಟ್ಟಿದ್ದಾರೆ. ತಟ್ಟೆಗೆ ಅಡ್ಡ ಬರುವಷ್ಟು ಅವು ಬೆಳೆಯಲು ಇಪ್ಪತ್ತು ವರ್ಷವಾದರೂ ಬೇಕು. ಎಲ್ಲಿ ನೆಟ್ಟರೆ ಆಟ ಕಷ್ಟವಾದೀತೆಂದು ಜಾಗ ತೋರಿಸಿದವರು ಅಜ್ಜ. ಗುಂಡಿ ತೋಡಿದವರಲ್ಲಿ ನನ್ನ ಮಗಳೂ ಒಬ್ಬಳು.

ಈಗ ಭಾನುವಾರದ ಫೋನಿನಲ್ಲಿ ಊಟವಾಯಿತೇ ಎಂದು ಕೇಳಿದ ಮೇಲೆ ನನ್ನ ಎರಡನೆಯ ಪ್ರಶ್ನೆ, ಈ ವಾರ ಎಷ್ಟು ಎಸೆತ ಎಂಬುದು. ಮೊನ್ನೆ 27 ಅಂತೆ.