ನಾನು ತಂದದ್ದು ಸಹಿ ಮಾತ್ರ

ಚೇಳೂರು ಹೋಬಳಿಯ ನಮ್ಮೂರ ಸರ್ಕಾರಿ ಶಾಲೆಗೆ ನಾನು ಮೂರು ವರ್ಷ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷನಾಗಿದ್ದೆ. ಆಗಿನ ನಡಾವಳಿ ಪುಸ್ತಕದ ಒಂದು ಪುಟದಲ್ಲಿ ಸದಸ್ಯರ ಸಹಿಗಳಿವೆ. ಒಂದು ಸಹಿಯ ಪಕ್ಕ ಅಡಿಕೆ ಕರೆ ಹತ್ತಿದ ಹೆಬ್ಬೆರಳಿನ ಗುರುತು ಕಂದಾಗಿ ಕೂತಿದೆ. ಅದು ಅಲ್ಲಿಗೆ ಬಂದ ಬಗೆಯನ್ನು ನಾನು ಇಲ್ಲಿಯತನಕ ಒಬ್ಬರಿಗಲ್ಲದೆ ಬೇರಾರಿಗೂ ಹೇಳಿಲ್ಲ.

2019ನೇ ಇಸವಿ. ಕಸ್ತೂರಿರಂಗನ್ ಸಮಿತಿ ರಾಷ್ಟ್ರೀಯ ಶಿಕ್ಷಣ ನೀತಿಯ ಕರಡನ್ನು ಕೇಂದ್ರಕ್ಕೆ ಒಪ್ಪಿಸಿದ್ದು ಆ ವರ್ಷದ ಮೇ ಕೊನೆಯಲ್ಲಿ. ಟೀ ಅಂಗಡಿ ಮುಂದೆ ಕೂತು ನಾನು ಜೋರಾಗಿಯೇ ಮಾತಾಡುತ್ತಿದ್ದೆ: ನಮ್ಮ ಮಕ್ಕಳ ಓದಿನ ವಿಚಾರ, ನಮ್ಮನ್ನೊಂದು ಮಾತು ಕೇಳೋದು ಬೇಡವೇ? ಮರುವರ್ಷ ನೀತಿ ಬಂದಾಗ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಂದ ಎರಡು ಲಕ್ಷಕ್ಕೂ ಮಿಕ್ಕಿ ಸಲಹೆ ಪಡೆದಿದ್ದೇವೆ ಎಂದು ಸರ್ಕಾರ ಹೇಳಿತು. ಅದಕ್ಕೂ ಸಿಟ್ಟಾದೆ. ಆ ಸಿಟ್ಟು ಸುಳ್ಳಲ್ಲ. ಆದರೆ ಈ ಎರಡು ಸಿಟ್ಟುಗಳ ನಡುವೆ, ಅಡಿಕೆ ಕೊಯ್ಲಿನ ಒಂದು ಸಂಜೆ, ನಾನು ಮಾಡಿದ ಕೆಲಸ ಇದು.

ಮೂರನೇ ತರಗತಿಯಲ್ಲಿ ಎಂಟು ವರ್ಷದ ಒಬ್ಬ ಹುಡುಗನಿದ್ದ. ಮಾತು ಕಡಿಮೆ. ಗಂಟೆ ಹೊಡೆದರೆ ಎರಡೂ ಕಿವಿ ಮುಚ್ಚಿಕೊಂಡು ಕಿರುಚುತ್ತಾ ಓಡುತ್ತಿದ್ದ. ಒಂದು ದಿನ ಹಾಗೆ ಓಡುವಾಗ ಒಂದು ಹೆಣ್ಣುಮಗು ಬಿದ್ದು ಹಣೆ ಒಡೆಯಿತು. ಅದರ ಮನೆಯವರು ಗಲಾಟೆ ಮಾಡಿದರು. ಸಭೆ ಸೇರಿತು, ಬೆಳಗ್ಗೆ ಹನ್ನೊಂದಕ್ಕೆ. ಹುಡುಗನ ತಾಯಿಯೂ ಸಮಿತಿಯ ಸದಸ್ಯರೇ. ಹನ್ನೊಂದು ಗಂಟೆಗೆ ಅವರು ಅಡಿಕೆ ಸುಲಿಯುವ ಮನೆಯಲ್ಲಿರುತ್ತಾರೆ, ಬಂದರೆ ಅಂದಿನ ಕೂಲಿ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಸಭೆಯ ಹೊತ್ತು ಗೊತ್ತು ಮಾಡಿದವನು ನಾನೇ.

ಎರಡು ನಿರ್ಣಯ ಬರೆದೆವು. ಶಾಲೆಯ ಬಾಗಿಲಿಗೆ ಇಳಿಜಾರು ಕಟ್ಟಿಸುವುದು ಒಂದು. ಹುಡುಗನನ್ನು ಗೃಹಾಧಾರಿತ ಶಿಕ್ಷಣಕ್ಕೆ ಸೇರಿಸಲು ಕೋರುವುದು ಇನ್ನೊಂದು. ‘ಅವನಿಗೂ ಹಿಂಸೆ, ಉಳಿದ ಮಕ್ಕಳಿಗೂ ತೊಂದರೆ’ ಎಂಬ ಮಾತು ನನ್ನ ಬಾಯಿಂದಲೇ ಬಂದದ್ದು. ಸಂಜೆ ಪುಸ್ತಕ ಹಿಡಿದು ಆ ತಾಯಿಯ ಮನೆಗೆ ಹೋದೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, ‘ಏನಣ್ಣ ಬರ್ದಿರೋದು?’ ಎಂದರು.

‘ಇಳಿಜಾರು ಕಟ್ಟಿಸ್ತಾ ಇದೀವಿ ಕಣಮ್ಮ, ನಿಮ್ಮ ಮಗೂಗೇ ಒಳ್ಳೇದು’ ಎಂದೆ.

ಎರಡನೆಯದನ್ನು ಹೇಳಲಿಲ್ಲ. ಅವರು ಅಕ್ಷರ ಕೂಡಿಸಿ ಕೂಡಿಸಿ ಓದುವವರು. ದೀಪ ಬೇರೆ ಮಂಕಾಗಿತ್ತು. ‘ನೀವು ಬರ್ದಿದ್ಮೇಲೆ ಸರಿನೇ ಬಿಡಣ್ಣ’ ಎಂದು ಸಹಿ ಮಾಡಿದರು. ಪುಟ ಒತ್ತಿಹಿಡಿದ ಹೆಬ್ಬೆರಳು ಗುರುತು ಬಿಟ್ಟಿತು. ಕುದುರೆಮರಿ ಹಾಗೆ ಓಡುವ ಹುಡುಗನಿಗೆ ಇಳಿಜಾರು ಯಾಕೆ ಎಂದು ಅವರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಆ ತಾಯಿಗೆ ಸಮಿತಿಯಲ್ಲಿ ಜಾಗ ಕೊಟ್ಟದ್ದು ನಮ್ಮ ದೊಡ್ಡತನವೆಂದು ಆಗ ಅಂದುಕೊಂಡಿದ್ದೆ. ಅದು ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನಂತೆ ಸಮಿತಿಯ ಮುಕ್ಕಾಲು ಪಾಲು ತಂದೆತಾಯಂದಿರೇ ಆಗಬೇಕು, ಅರ್ಧ ಹೆಂಗಸರಿರಬೇಕು, ಅವಕಾಶವಂಚಿತ ಮಕ್ಕಳ ಪೋಷಕರಿಗೆ ತಕ್ಕ ಪಾಲು ಸಿಗಬೇಕು. 2012ರ ತಿದ್ದುಪಡಿ ಅಂಗವಿಕಲ ಮಕ್ಕಳನ್ನು ಆ ಗುಂಪಿಗೆ ಸೇರಿಸಿತು. ಮನೆಯಲ್ಲೇ ಕಲಿಯುವ ಹಕ್ಕನ್ನು ಕೊಟ್ಟದ್ದೂ ಅದೇ ತಿದ್ದುಪಡಿ, ಅದೂ ತೀವ್ರ ವೈಕಲ್ಯ ಅಥವಾ ಬಹುವೈಕಲ್ಯ ಇರುವ ಮಕ್ಕಳಿಗೆ. ಬೇಕೆಂದರೆ ಆ ಮನೆಯವರು ಆರಿಸಿಕೊಳ್ಳಬೇಕಾದ ದಾರಿ ಅದು. ನಾನು ಅದನ್ನು ಹುಡುಗನನ್ನು ಹೊರಗೆ ಕಳಿಸುವ ಬಾಗಿಲು ಮಾಡಿಕೊಂಡೆ. ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆ ಒಪ್ಪಂದಕ್ಕೆ ಭಾರತ 2007ರಲ್ಲೇ ಒಪ್ಪಿಗೆ ಕೊಟ್ಟಿದೆ. ನೀತಿ ಮಾಡುವಾಗ ಅಂಗವಿಕಲರನ್ನು, ಅಂಗವಿಕಲ ಮಕ್ಕಳನ್ನೂ ಕೂಡಿಸಿಕೊಂಡು ಕೇಳಿ ಮಾಡಬೇಕೆಂದು ಅದರ 4ನೇ ವಿಧಿ ಹೇಳುತ್ತದೆ. ಇದನ್ನೆಲ್ಲ ಓದಿದ್ದು ಅಧ್ಯಕ್ಷಗಿರಿ ಮುಗಿದ ಮೇಲೆ.

2025ರ ಹಲಸಿನ ಕಾಲದಲ್ಲಿ ಆ ಮನೆಗೆ ಮತ್ತೆ ಹೋದೆ. ಚೇಳೂರಿನ ಮಾರುಕಟ್ಟೆಗೆ ಹೊರ ರಾಜ್ಯದ ಲಾರಿಗಳು ಬಂದು ನಿಲ್ಲುವ ದಿನಗಳು. ಹುಡುಗ ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಲಾರಿಯ ನಂಬರು ಬರೆಯುತ್ತಿದ್ದ. ಒಂದೂ ಅಂಕಿ ತಪ್ಪದೆ, ದುಂಡಗೆ. ಅಂದು ಏನು ಮುಚ್ಚಿಟ್ಟೆನೆಂದು ತಾಯಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಸಭೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ: ‘ಇವನಿಗೆ ಶಾಲೇಲಿ ಏನು ಮಾಡಿದ್ರೆ ಆಗ್ತಿತ್ತಮ್ಮ?’

‘ಗಂಟೆ ಅಣ್ಣ’ ಎಂದರು. ‘ಅವನ ಕ್ಲಾಸಿನ ಬಾಗ್ಲಲ್ಲೇ ನೇತಾಕಿದ್ರಲ್ಲ. ಆ ಕೊನೇ ರೂಮಲ್ಲಿ ಕೂರಿಸಿದ್ರೆ ಕೂತಿರೋನು.’

ರೈಲು ಹಳಿಯ ತುಂಡಿನ ಗಂಟೆ. ಎರಡು ತರಗತಿ ಅದಲುಬದಲು ಮಾಡಿದ್ದರೆ ಮುಗಿಯುತ್ತಿತ್ತು, ಪೈಸೆ ಖರ್ಚಿಲ್ಲ. ವಿಶೇಷ ಶಿಕ್ಷಕರ ಕೊರತೆ ನಿಜ. ಕೇಂದ್ರ ಸರ್ಕಾರ 2022ರಲ್ಲಿ ಗೊತ್ತುಪಡಿಸಿದಂತೆ ಪ್ರಾಥಮಿಕ ಹಂತದಲ್ಲಿ ಹತ್ತು ಅಂಗವಿಕಲ ಮಕ್ಕಳಿಗೊಬ್ಬ ವಿಶೇಷ ಶಿಕ್ಷಕ ಬರಲೇಬೇಕು, ಅದಕ್ಕೆ ಹೋರಾಡಲೇಬೇಕು. ಆದರೆ ಈ ಹುಡುಗನ ಶಾಲೆ ತಪ್ಪಿದ್ದು ಕೊರತೆಯಿಂದಲ್ಲ. ಅವನಿಗೇನು ಬೇಕೆಂದು ಬಲ್ಲ ಒಬ್ಬರೇ ಒಬ್ಬರ ಮನೆಗೆ ನಾನು ಪೆನ್ನು ಹಿಡಿದು ಹೋದೆ, ಕಿವಿ ಕೊಡಲಿಲ್ಲ.

2025ರ ಆಗಸ್ಟ್‌ನಲ್ಲಿ ಪ್ರೊ. ಸುಖದೇವ್ ಥೋರಟ್ ಆಯೋಗ ನಮ್ಮ ರಾಜ್ಯದ್ದೇ ಶಿಕ್ಷಣ ನೀತಿಯ ವರದಿಯನ್ನು ಸರ್ಕಾರಕ್ಕೆ ಕೊಟ್ಟಿತು. ಟೀ ಅಂಗಡಿಯಲ್ಲಿ ಮತ್ತೆ ಅದೇ ಚರ್ಚೆ, ಯಾರನ್ನು ಕೇಳಿದರು ಎಂದು. ಬಾಯಿ ತೆರೆಯಲು ನನಗೆ ಮನಸ್ಸು ಬರಲಿಲ್ಲ. ಎಸ್‌ಡಿಎಂಸಿಯಲ್ಲಿ ಈಗ ಇರುವವರನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ: ಕೂಲಿಗೆ ಹೋಗುವ ತಾಯಿ ಬರಬಹುದಾದ ಹೊತ್ತಿಗೆ ಸಭೆ ಇಡಿ. ನಿರ್ಣಯವನ್ನು ಪೂರ್ತಿ ಓದಿ ಹೇಳಿ, ಆಮೇಲೆ ಸಹಿ ಕೇಳಿ.

ನಿಗದಿತ ಪ್ರಮಾಣದ ವೈಕಲ್ಯವಿರುವ ಮಗುವಿಗೆ ಹದಿನೆಂಟು ತುಂಬುವತನಕ ಹತ್ತಿರದ ಶಾಲೆಯಲ್ಲಿ ಉಚಿತ ಶಿಕ್ಷಣ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೊಟ್ಟ ಹಕ್ಕು. ಆ ಹುಡುಗನಿಗೆ ಈಗ 14. ಇನ್ನು ನಾಲ್ಕು ವರ್ಷ ಇದೆ.